ಗಡಿ ದಾಟದ ಕೋವಿ

ಗುಬ್ಬಿಯ ಹುಡುಗನೊಬ್ಬನಿಗೆ 18 ವರ್ಷ ತುಂಬಿತು ಎನ್ನಿ. ಕೆಲವು ದಿನ ಎಲ್ ಬೋರ್ಡ್ ಅಂಟಿಸಿಕೊಂಡು ಓಡಾಡಿ, ಆಮೇಲೆ ತುಮಕೂರಿಗೆ ಬಂದು ಆರ್.ಟಿ.ಓ. ಇನ್ಸ್‌ಪೆಕ್ಟರರ ಎದುರು ಎಂಟರ ಆಕಾರದಲ್ಲಿ ಬೈಕ್ ತಿರುಗಿಸಿ ತೋರಿಸಿದರೆ ಅವನ ಕೈಗೊಂದು ಲೈಸೆನ್ಸ್ ಬರುತ್ತದೆ. ಕೊಟ್ಟವರು ತುಮಕೂರಿನವರಾದರೂ 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಅದು ಇಡೀ ಭಾರತಕ್ಕೆ ಸಲ್ಲುತ್ತದೆ. ಆತ ಕೆಎ-06 ನಂಬರಿನ ಬೈಕಿನಲ್ಲಿ ಲಡಾಖಿಗೆ ಹೋದರೂ, 'ನೀನು ನಮ್ಮ ರಾಜ್ಯದಲ್ಲಿ ಪರೀಕ್ಷೆ ಕೊಟ್ಟಿಲ್ಲವಲ್ಲ' ಎಂದು ಯಾವ ಪೊಲೀಸನೂ ಕೇಳುವಂತಿಲ್ಲ.

ಅದೇ ಮನೆಯಲ್ಲಿ ಅಪ್ಪನ ಹೆಸರಿನ ಒಂಟಿ ನಳಿಗೆಯ ಕೋವಿಯೊಂದಿದ್ದರೆ ಅದರ ಕಥೆಯೇ ಬೇರೆ. ಅದರ ಲೈಸೆನ್ಸಿನಲ್ಲಿ ಹೆಸರು, ವಿಳಾಸ, ಕೋವಿಯ ನಂಬರು, ಇಟ್ಟುಕೊಳ್ಳಬಹುದಾದ ತೋಟೆಗಳ ಲೆಕ್ಕ ಇವೆಲ್ಲದರ ಜೊತೆಗೆ ಇನ್ನೊಂದು ಸಾಲಿರುತ್ತದೆ: ಈ ಪರವಾನಗಿ ಯಾವ ಪ್ರದೇಶದಲ್ಲಿ ಊರ್ಜಿತ? ಅಲ್ಲಿ ತುಮಕೂರು ಜಿಲ್ಲೆ ಎಂದಿದ್ದರೆ ಜಿಲ್ಲೆಯ ಗಡಿಯವರೆಗೆ, ಕರ್ನಾಟಕ ಎಂದಿದ್ದರೆ ರಾಜ್ಯದ ಗಡಿಯವರೆಗೆ. ಮಧುಗಿರಿಯಿಂದ ಆಚೆ ಹಿಂದೂಪುರಕ್ಕೆ ನೆಂಟರ ಮನೆಗೆ ಹೊರಟರೆ ಮಗನ ಲೈಸೆನ್ಸ್ ಜೇಬಿನಲ್ಲಿ ಹಾಯಾಗಿ ಬರುತ್ತದೆ. ಅಪ್ಪನ ಕೋವಿ ಮನೆಯಲ್ಲೇ ಉಳಿಯಬೇಕು.

ಈ ವ್ಯತ್ಯಾಸ ಸರಿಯೇ ಎಂಬ ಪ್ರಶ್ನೆ ಈಗ ಅಮೆರಿಕದಲ್ಲಿ ದೊಡ್ಡ ಜಗಳವಾಗಿದೆ. ಒಂದು ರಾಜ್ಯ ಕೊಟ್ಟ ಪಿಸ್ತೂಲಿನ ಪರವಾನಗಿಯನ್ನು ಉಳಿದೆಲ್ಲ ರಾಜ್ಯಗಳೂ ಮಾನ್ಯ ಮಾಡಬೇಕೆಂದು ಅಲ್ಲಿನ ಸಂಸತ್ತಿನ ಮುಂದೆ ವರ್ಷಗಳಿಂದ ಮಸೂದೆ ಬರುತ್ತಿದೆ. ದೂರದ ಗಲಾಟೆ ಎಂದು ಪತ್ರಿಕೆಯ ಪುಟ ಮಗುಚಬಹುದಿತ್ತು. ಆದರೆ ಪ್ರಶ್ನೆಯ ಬೇರು ತುಮಕೂರು ಜಿಲ್ಲೆಯ ನೆಲದಲ್ಲೂ ಇದೆ. ಜೊತೆಗೆ, ಇಲ್ಲಿನ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಓದಿದ ಎಷ್ಟೋ ಮಕ್ಕಳು ಮುಂದಿನ ವ್ಯಾಸಂಗಕ್ಕೆ ವಿಮಾನ ಹತ್ತುವುದು ಆ ದೇಶಕ್ಕೇ.

ಜಿಲ್ಲಾಧಿಕಾರಿಯ ಕಣ್ಣಳತೆ

ಭಾರತದಲ್ಲಿ ಬಂದೂಕು ಇಟ್ಟುಕೊಳ್ಳುವುದು ಹಕ್ಕಲ್ಲ. ನಮ್ಮ ಸಂವಿಧಾನದ 19ನೆಯ ವಿಧಿ ನಾಗರಿಕರಿಗೆ ಸಭೆ ಸೇರುವ ಸ್ವಾತಂತ್ರ್ಯ ಕೊಡುವಾಗಲೂ ಶಾಂತಿಯುತವಾಗಿ, ಆಯುಧಗಳಿಲ್ಲದೆ ಎಂಬ ಷರತ್ತನ್ನು ಹಾಕಿಯೇ ಕೊಡುತ್ತದೆ. ಕೋವಿ ಬೇಕೆಂದವರು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಅರ್ಜಿ ಹಾಕಬೇಕು. ಈ ಕಾಯ್ದೆ ಜಾರಿಗೆ ಬಂದದ್ದು 1962ರ ಅಕ್ಟೋಬರ್ 1ರಂದು. ಅದಕ್ಕೆ ಮೊದಲಿದ್ದ 1878ರ ಕಾಯ್ದೆ ಬ್ರಿಟಿಷರದು. ಆಳಿಸಿಕೊಳ್ಳುವವರ ಕೈಯಲ್ಲಿ ಆಯುಧ ಇರಬಾರದೆಂಬುದೇ ಅದರ ಒಳಗುಟ್ಟು. ಆಳುವವರು ಬದಲಾದರು, ಆದರೂ ಸರ್ಕಾರ ನೋಡಿ, ಕೇಳಿ, ಒಪ್ಪಿ ಕೊಟ್ಟರೆ ಮಾತ್ರ ಕೋವಿ ಎಂಬ ಕ್ರಮ ಬದಲಾಗಲಿಲ್ಲ.

ತುಮಕೂರಿನಲ್ಲಿ ಪೊಲೀಸ್ ಕಮಿಷನರೇಟ್ ಇಲ್ಲವಾದ್ದರಿಂದ ಗುಬ್ಬಿಯವರಾಗಲಿ, ಕುಣಿಗಲ್ಲಿನವರಾಗಲಿ, ನಗರದವರೇ ಆಗಲಿ ಈ ಅರ್ಜಿಯೊಡನೆ ಹೋಗಬೇಕಾದದ್ದು ಜಿಲ್ಲಾಧಿಕಾರಿಯ ಕಚೇರಿಗೆ. ಅಲ್ಲಿಂದ ಕಾಗದ ಪೊಲೀಸ್ ಠಾಣೆಗೆ ಇಳಿಯುತ್ತದೆ. ಅರ್ಜಿದಾರನ ಮೇಲೆ ಮೊಕದ್ದಮೆ ಇದೆಯೇ, ಊರಿನಲ್ಲಿ ಅವನ ನಡತೆ ಹೇಗೆ, ಅವನು ಹೇಳುವ ಭಯ ನಿಜವೇ ಎಂದು ಠಾಣೆಯವರು ವರದಿ ಕೊಡಬೇಕು. 2016ರ ಶಸ್ತ್ರಾಸ್ತ್ರ ನಿಯಮಗಳು ಬಂದ ಮೇಲೆ ಕೋವಿ ಹಿಡಿಯುವ ತರಬೇತಿಯ ಪ್ರಮಾಣಪತ್ರವೂ ಬೇಕಾಯಿತು, ಮನೆಯಲ್ಲಿ ಅದನ್ನು ಭದ್ರವಾಗಿ ಇಡುತ್ತೇನೆಂಬ ಮುಚ್ಚಳಿಕೆಯೂ ಸೇರಿತು. ಹೊರಗೆ ಒಯ್ಯುವಾಗ ಅದು ಹೊದಿಕೆಯೊಳಗೆ ಇರಬೇಕು, ಜನರ ಮುಂದೆ ಝಳಪಿಸುವಂತಿಲ್ಲ. ಮೊದಲು ಒಬ್ಬರಿಗೆ ಮೂರು ಕೋವಿ ಇಟ್ಟುಕೊಳ್ಳಲು ಅವಕಾಶವಿತ್ತು. 2019ರ ತಿದ್ದುಪಡಿ ಅದನ್ನು ಎರಡಕ್ಕೆ ಇಳಿಸಿತು; ಪ್ರತಿಯಾಗಿ ಲೈಸೆನ್ಸಿನ ಅವಧಿಯನ್ನು ಮೂರು ವರ್ಷದಿಂದ ಐದಕ್ಕೆ ಏರಿಸಿತು.

ಇಷ್ಟೆಲ್ಲ ವಿಚಾರಣೆಯ ಒಟ್ಟು ಅರ್ಥ ಏನು? ಒಬ್ಬ ಅಧಿಕಾರಿ ತನ್ನ ಕಣ್ಣಳತೆಯ ಒಬ್ಬ ಮನುಷ್ಯನ ಬಗ್ಗೆ ಮಾಡುವ ತೀರ್ಮಾನ ಅದು. ಆ ಮನುಷ್ಯನ ಊರು, ಜಮೀನು, ಅಕ್ಕಪಕ್ಕದವರು, ಅವನಿಗಿರುವ ಹಗೆ ಎಲ್ಲವೂ ಅದೇ ಜಿಲ್ಲೆಯಲ್ಲಿವೆ. ನಾಳೆ ತಪ್ಪು ಮಾಡಿದರೆ ಕೋವಿ ಕಿತ್ತುಕೊಳ್ಳುವವರೂ ಅಲ್ಲೇ ಇದ್ದಾರೆ. ಹಾಗಾಗಿಯೇ ಕಾಗದದಲ್ಲಿ ಪ್ರದೇಶದ ಸಾಲು ಬಂತು. ಕೇಂದ್ರ ಗೃಹ ಸಚಿವಾಲಯ 2010ರ ಮಾರ್ಚ್ 31ರಂದು ಹೊರಡಿಸಿದ ನೀತಿಯಲ್ಲಿ ರಾಜ್ಯ ಸರ್ಕಾರಗಳು ಲೈಸೆನ್ಸಿನ ವ್ಯಾಪ್ತಿಯನ್ನು ಹೆಚ್ಚೆಂದರೆ ಮೂರು ನೆರೆ ರಾಜ್ಯಗಳವರೆಗೆ ಹಿಗ್ಗಿಸಬಹುದು ಎಂದಿತ್ತು. ಅಖಿಲ ಭಾರತ ವ್ಯಾಪ್ತಿಯನ್ನು ರಾಜ್ಯಗಳು ಕೊಡಬಹುದಾಗಿದ್ದುದು ಕೇಂದ್ರ ಸಚಿವರು ಮತ್ತು ಸಂಸತ್ ಸದಸ್ಯರು, ಸೇನೆ ಮತ್ತು ಅರೆಸೇನೆಯವರು, ಅಖಿಲ ಭಾರತ ಸೇವೆಯ ಅಧಿಕಾರಿಗಳು, ದೇಶದಲ್ಲಿ ಎಲ್ಲಿಗೆ ಬೇಕಾದರೂ ವರ್ಗವಾಗಬಹುದಾದ ನೌಕರರು, ಕ್ರೀಡಾಪಟುಗಳು ಇಂಥವರಿಗೆ. ರೈತ ಆ ಪಟ್ಟಿಯಲ್ಲಿರಲಿಲ್ಲ.

ರೈತನಿಗೆ ಅದು ಬೇಕೂ ಇಲ್ಲ ಎಂದು ಯಾರಾದರೂ ಹೇಳಬಹುದು. ಅದು ಬಹುಮಟ್ಟಿಗೆ ನಿಜ. ಹಂದಿ ನುಗ್ಗುವುದು ಹೊಲಕ್ಕೆ, ನೆಂಟರ ಮನೆಗಲ್ಲ. ಕಾಯ್ದೆಯ 13ನೆಯ ಕಲಮಿನಲ್ಲಿ ಬೆಳೆ ಕಾಯಲು ಕೊಡುವ ಕೋವಿಯ ಮಾತೇ ಬೇರೆಯಾಗಿದೆ. ಮೂತಿಯಿಂದ ಮದ್ದು ಗಿಡಿದು ಹೊಡೆಯುವ ಹಳೇ ಕಾಲದ ಕೋವಿ ಸಾಕು, ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ಬೇರೆ ಕೋವಿ ಎಂಬುದು ಅಲ್ಲಿನ ಧಾಟಿ. ಹೀಗೆ ಬೆಳೆ ರಕ್ಷಣೆಗೆಂದು ಕೊಟ್ಟ ಲೈಸೆನ್ಸಿನ ಹರವು ಇನ್ನೂ ಕಿರಿದು. ಅದರಲ್ಲಿ ನಮೂದಾದ ಜಾಗ ಬಿಟ್ಟರೆ ಪಕ್ಕದ ತಾಲ್ಲೂಕಿನಲ್ಲೂ ಅದಕ್ಕೆ ಕೆಲಸವಿಲ್ಲ.

ಚಿರತೆ ಬಂದ ವರ್ಷ

ಕೋವಿಯ ಮಾತು ಈ ಕಡೆಯ ಹಳ್ಳಿಗಳಲ್ಲಿ ಜೋರಾಗಿ ಎದ್ದದ್ದು 2019ರ ಕೊನೆಯಿಂದ 2020ರ ಮೊದಲ ತಿಂಗಳುಗಳವರೆಗೆ. ತುಮಕೂರು ತಾಲ್ಲೂಕಿನ ಹೆಬ್ಬೂರು ಭಾಗ, ಗುಬ್ಬಿ ಮತ್ತು ಕುಣಿಗಲ್ ತಾಲ್ಲೂಕುಗಳ ಹಳ್ಳಿಗಳಲ್ಲಿ ಚಿರತೆ ದಾಳಿಗೆ ಒಬ್ಬರ ಹಿಂದೊಬ್ಬರು ಬಲಿಯಾದರು. ಸತ್ತವರಲ್ಲಿ ಇಬ್ಬರು ಎಳೆಯ ಮಕ್ಕಳು. ದನ ಮೇಯಿಸಲು ಹೋಗುವವರು, ಸಂಜೆ ತೋಟದಿಂದ ಹಿಂತಿರುಗುವ ಹೆಂಗಸರು, ಶಾಲೆಗೆ ನಡೆದು ಹೋಗುವ ಮಕ್ಕಳು ಎಲ್ಲರ ದಿನಚರಿಯೂ ಬದಲಾಯಿತು. ಅರಣ್ಯ ಇಲಾಖೆ ಬೋನುಗಳನ್ನಿಟ್ಟಿತು, ಕ್ಯಾಮೆರಾ ಕಟ್ಟಿತು. ಊರವರು ಕೇಳಿದ ಪ್ರಶ್ನೆ ಮಾತ್ರ ನೇರವಾಗಿತ್ತು: ಲೈಸೆನ್ಸ್ ಇರುವ ಕೋವಿ ಮನೆಯಲ್ಲಿದೆ, ಅದು ಯಾವ ಕಾಲಕ್ಕೆ?

ಉತ್ತರ ಕಾನೂನಿನಲ್ಲಿದೆ, ಆದರೆ ಅದು ಯಾರಿಗೂ ಸಮಾಧಾನ ಕೊಡುವಂಥದ್ದಲ್ಲ. ಕೋವಿಯ ಲೈಸೆನ್ಸ್ ಎಂದರೆ ಬೇಟೆಯ ಲೈಸೆನ್ಸ್ ಅಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿ ಚಿರತೆಯ ಹೆಸರಿದೆ. ಅದು ಮನುಷ್ಯರ ಪ್ರಾಣಕ್ಕೆ ಅಪಾಯಕಾರಿ ಎಂದು ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಖಾತ್ರಿಯಾಗಿ, ಕಾರಣ ಬರೆದು ಲಿಖಿತ ಆದೇಶ ಕೊಟ್ಟರೆ ಮಾತ್ರ ಕೊಲ್ಲಬಹುದು. ಇದಕ್ಕೊಂದೇ ಹೊರತು: ತನ್ನ ಅಥವಾ ಬೇರೊಬ್ಬರ ಜೀವ ಉಳಿಸಿಕೊಳ್ಳಲು ಆ ಗಳಿಗೆಯಲ್ಲಿ ಪ್ರಾಮಾಣಿಕವಾಗಿ ಮಾಡಿದ್ದು ಅಪರಾಧವಾಗದು. ಎಂದರೆ ಮೈಮೇಲೆ ಬಿದ್ದಾಗ ಹೊಡೆಯಬಹುದು, ಹುಡುಕಿಕೊಂಡು ಹೋಗಿ ಹೊಡೆಯುವಂತಿಲ್ಲ. ಮಗುವನ್ನು ಕಳೆದುಕೊಂಡ ಊರಿಗೆ ಈ ಭೇದವನ್ನು ವಿವರಿಸುವುದು ಯಾವ ತಹಶೀಲ್ದಾರರಿಗೂ ಸುಲಭವಲ್ಲ.

ಚುನಾವಣೆ ಬಂದಾಗ ಇನ್ನೊಂದು ತಕರಾರು ಏಳುತ್ತದೆ. ನೀತಿ ಸಂಹಿತೆ ಜಾರಿಯಾದೊಡನೆ ಕೋವಿಗಳನ್ನು ಠಾಣೆಗೆ ತಂದೊಪ್ಪಿಸುವ ಆದೇಶ ಹೊರಡುತ್ತದೆ. ಬ್ಯಾಂಕಿನ ಕಾವಲುಗಾರರಿಗೆ, ಕ್ರೀಡಾಪಟುಗಳಿಗೆ ಹೆಚ್ಚಾಗಿ ರಿಯಾಯಿತಿ ಸಿಗುತ್ತದೆ. ಹೊಲ ಕಾಯುವವನು ಠಾಣೆಯಲ್ಲಿ ರಸೀದಿ ಪಡೆದು ಬರಿಗೈಯಲ್ಲಿ ಮನೆಗೆ ಬರಬೇಕು. ಹಂದಿಗೆ ನೀತಿ ಸಂಹಿತೆ ಇಲ್ಲ ಎಂಬ ಹಾಸ್ಯ ಹಳ್ಳಿಯ ಟೀ ಅಂಗಡಿಗಳಲ್ಲಿ ಹಳೆಯದಾಯಿತು.

ಪಾವಗಡಕ್ಕೆ ಹೋಗುವುದು ಹೇಗೆ?

ಜಿಲ್ಲೆಯ ನಕ್ಷೆಯನ್ನು ಶಾಲೆಯಲ್ಲಿ ಬಿಡಿಸಿದ ಮಕ್ಕಳಿಗೆ ಒಂದು ವಿಚಿತ್ರ ಗೊತ್ತಿರುತ್ತದೆ. ಹತ್ತು ತಾಲ್ಲೂಕುಗಳಲ್ಲಿ ಒಂಬತ್ತು ಒಂದಕ್ಕೊಂದು ಅಂಟಿಕೊಂಡಿವೆ. ಹತ್ತನೆಯದಾದ ಪಾವಗಡ ಮಾತ್ರ ಈಶಾನ್ಯದಲ್ಲಿ ಬೇರೆಯೇ ನಿಂತಿದೆ. ನಡುವೆ ಆಂಧ್ರದ ಮಡಕಶಿರಾ ಸೀಮೆ ಬೆಣೆಯಂತೆ ನುಗ್ಗಿದೆ. ಮಧುಗಿರಿಯ ಕಡೆಯಿಂದ ಪಾವಗಡಕ್ಕೆ ಹೊರಟ ಬಸ್ಸು ಒಂದಿಷ್ಟು ದೂರ ನೆರೆ ರಾಜ್ಯದೊಳಗೆ ಓಡಿ ಮತ್ತೆ ಕರ್ನಾಟಕಕ್ಕೆ ಬರುತ್ತದೆ. ಕಿಟಕಿಯ ಪಕ್ಕ ಕುಳಿತವರಿಗೆ ಅಂಗಡಿಗಳ ಬೋರ್ಡು ತೆಲುಗಿಗೆ ತಿರುಗಿದ್ದು, ಮತ್ತೆ ಕನ್ನಡವಾದದ್ದು ಕಾಣುತ್ತದೆ. ಸ್ವಾತಂತ್ರ್ಯಕ್ಕೆ ಮೊದಲು ಇದೇ ಗೆರೆ ಮೈಸೂರು ಮಹಾರಾಜರ ಸೀಮೆಯನ್ನೂ ಬ್ರಿಟಿಷರ ಮದರಾಸು ಪ್ರಾಂತ್ಯದ ಅನಂತಪುರ ಜಿಲ್ಲೆಯನ್ನೂ ಬೇರ್ಪಡಿಸಿತ್ತು. 2022ರ ಏಪ್ರಿಲ್‌ನಿಂದ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಜಿಲ್ಲೆಯ ಹೆಸರು ಬದಲಾಯಿತು, ಗೆರೆ ಬದಲಾಗಲಿಲ್ಲ.

ಈಗ ಕೋವಿಯ ಲೆಕ್ಕ ಹಾಕಿ. ಪಾವಗಡದ ರೈತನೊಬ್ಬ ತನ್ನ ಕೋವಿಯನ್ನು ತುಮಕೂರಿಗೆ ಒಯ್ಯಬೇಕಾಯಿತು. ಲೈಸೆನ್ಸ್ ಕೊಟ್ಟದ್ದು ತುಮಕೂರು ಜಿಲ್ಲಾಧಿಕಾರಿ, ಹೊರಟಿರುವುದು ಅದೇ ಜಿಲ್ಲಾಧಿಕಾರಿಯ ಊರಿಗೆ. ಆದರೆ ಮಧುಗಿರಿಯ ದಾರಿ ಹಿಡಿದರೆ ನಡುವಿನ ಆ ತುಂಡು ರಸ್ತೆಯಲ್ಲಿ ಅವನ ಕಾಗದಕ್ಕೆ ಬೆಲೆಯಿಲ್ಲ. ಲೈಸೆನ್ಸಿನ ಷರತ್ತು ಮುರಿದರೆ ಕಾಯ್ದೆಯ 30ನೆಯ ಕಲಮಿನಡಿ ಆರು ತಿಂಗಳವರೆಗೆ ಸೆರೆ ಅಥವಾ ಎರಡು ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಲೈಸೆನ್ಸೇ ಇಲ್ಲದ ಕೋವಿ ಎಂದು ಎಣಿಸಿದರಂತೂ 2019ರ ತಿದ್ದುಪಡಿಯ ನಂತರ ಕನಿಷ್ಠ ಎರಡು ವರ್ಷ, ಗರಿಷ್ಠ ಐದು ವರ್ಷದ ಸಜೆ. ಪ್ರಯಾಣಕ್ಕೆಂದೇ ಕೊಡುವ ತಾತ್ಕಾಲಿಕ ಪರವಾನಗಿ ಎಂಬುದೊಂದು ನಿಯಮಗಳಲ್ಲಿದೆ. ನೆರೆ ರಾಜ್ಯಕ್ಕೂ ವ್ಯಾಪ್ತಿ ವಿಸ್ತರಿಸಿಕೊಡಿ ಎಂದು ಕೇಳಲೂಬಹುದು. ಆದರೆ ಜಿಲ್ಲಾ ಕೇಂದ್ರಕ್ಕೆ ಹೋಗಿ ಬರಲು ಪರರಾಜ್ಯದ ಯೋಚನೆ ಮಾಡಬೇಕಾದ ಪರಿಸ್ಥಿತಿ ನಕ್ಷೆ ಬಿಡಿಸಿದವರ ಕೊಡುಗೆ, ರೈತನ ತಪ್ಪಲ್ಲ. ರಾಜ್ಯಗಳು ಪರಸ್ಪರ ಲೈಸೆನ್ಸ್ ಒಪ್ಪಿಕೊಳ್ಳಬೇಕೆನ್ನುವವರ ವಾದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಅಮೆರಿಕದಲ್ಲೂ ಸಿಕ್ಕಲಾರದು.

ಕರ್ನಾಟಕದಲ್ಲೇ ಗಡಿ ದಾಟುವ ಕೋವಿಯೂ ಒಂದಿದೆ. ಅದು ಕೊಡಗಿನದು. ಕೊಡವರಿಗೂ ಅಲ್ಲಿನ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಸಿಕ್ಕದ್ದು 1861ರಷ್ಟು ಹಿಂದೆ. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ, ಮಗು ಹುಟ್ಟಿದರೆ ಒಂದು ಗುಂಡು, ಸತ್ತರೆ ಎರಡು ಎಂಬಷ್ಟು ಅಲ್ಲಿ ಅದು ಬದುಕಿನಲ್ಲಿ ಬೆರೆತಿದೆ. ಸ್ವಾತಂತ್ರ್ಯಾನಂತರವೂ ಮುಂದುವರಿದ ಈ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರ ಅಕ್ಟೋಬರ್‌ನಲ್ಲಿ ಮತ್ತೆ ಹತ್ತು ವರ್ಷ, ಎಂದರೆ 2029ರವರೆಗೆ ವಿಸ್ತರಿಸಿತು. ಅದು ಸಮಾನತೆಗೆ ವಿರುದ್ಧವೆಂದು ಹೂಡಿದ್ದ ಅರ್ಜಿಯನ್ನು 2021ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟು ವಜಾ ಮಾಡಿತು.

ವಿನಾಯಿತಿಯ ಒಕ್ಕಣೆಯಲ್ಲಿ ಒಂದು ಸ್ವಾರಸ್ಯವಿದೆ. ಕೊಡಗಿನ ಹೊರಗೆ ವಾಸಿಸುವಾಗ ಅಥವಾ ಪ್ರಯಾಣ ಮಾಡುವಾಗ ಒಂದು ರೈಫಲ್ ಮತ್ತು 100 ಗುಂಡು, ಒಂದು ಸಾದಾ ನಳಿಗೆಯ ಕೋವಿ ಮತ್ತು 500 ತೋಟೆ, ಇದಕ್ಕಿಂತ ಹೆಚ್ಚು ಇಟ್ಟುಕೊಳ್ಳಬಾರದು ಎಂದು ಅದು ಹೇಳುತ್ತದೆ. ಅಂದರೆ ಅಷ್ಟನ್ನು ಇಟ್ಟುಕೊಳ್ಳಬಹುದು. ಸೋಮವಾರಪೇಟೆಯ ಕಡೆಯ ಕೊಡವರೊಬ್ಬರು ಹಾಸನದ ದಾರಿಯಿಂದ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಬೆಂಗಳೂರಿಗೆ ಹೊರಟು ಕುಣಿಗಲ್ ದೊಡ್ಡಕೆರೆಯ ಊರಲ್ಲಿ ಕಾಫಿಗೆ ಕಾರು ನಿಲ್ಲಿಸಿದರೆ, ಅವರ ಕಾರಿನಲ್ಲಿರುವ ಕೋವಿಗೆ ವಿನಾಯಿತಿಯ ರಕ್ಷಣೆ ಇದೆ. ಪಕ್ಕದ ಮೇಜಿನ ಕುಣಿಗಲ್ ರೈತ ಬೆಳೆ ಕಾಯುವ ತನ್ನ ಕೋವಿಯನ್ನು ಗದ್ದೆಯಿಂದ ಆ ಹೋಟೆಲಿನವರೆಗೆ ತಂದಿದ್ದರೂ ಪೊಲೀಸರು 'ಇಲ್ಲಿ ಯಾಕೆ?' ಎಂದು ಕೇಳಬಹುದು. ಒಬ್ಬರದು ಒಂದು ಜನಾಂಗದ ಮೇಲೆ ಇಟ್ಟ ನಂಬಿಕೆ, ಇನ್ನೊಬ್ಬರದು ಒಂದು ಹೊಲದ ಅಳತೆಗೆ ಕೊಟ್ಟ ಅನುಮತಿ.

ಅಮೆರಿಕದ ಜಗಳ

ಅಮೆರಿಕದಲ್ಲಿ ಆಯುಧ ಸಂವಿಧಾನವೇ ಕೊಟ್ಟ ಹಕ್ಕು. ಆದರೆ ಪಿಸ್ತೂಲನ್ನು ಅಂಗಿಯೊಳಗೆ ಮರೆಸಿಕೊಂಡು ಬೀದಿಯಲ್ಲಿ ಓಡಾಡಲು ಏನು ಷರತ್ತು ಎಂಬುದನ್ನು ಬಹುಕಾಲದಿಂದ ಆಯಾ ರಾಜ್ಯಗಳೇ ತೀರ್ಮಾನಿಸುತ್ತ ಬಂದಿವೆ. ವರ್ಮಾಂಟ್ ರಾಜ್ಯ ಇದಕ್ಕೆ ಪರವಾನಗಿಯನ್ನೇ ಕೇಳಿದ್ದಿಲ್ಲ. ಇಲಿನಾಯ್ ರಾಜ್ಯ 2013ರವರೆಗೆ ಅವಕಾಶವನ್ನೇ ಕೊಟ್ಟಿರಲಿಲ್ಲ. 2024ರ ಹೊತ್ತಿಗೆ 29 ರಾಜ್ಯಗಳಲ್ಲಿ ಪರವಾನಗಿ ಇಲ್ಲದೆಯೂ ಹಾಗೆ ಓಡಾಡಬಹುದಾಗಿತ್ತು. ಕೆಲವು ರಾಜ್ಯಗಳು ತಮ್ಮತಮ್ಮಲ್ಲಿ ಒಪ್ಪಂದ ಮಾಡಿಕೊಂಡು ಪರಸ್ಪರರ ಪರವಾನಗಿ ಒಪ್ಪುತ್ತವೆ, ಕೆಲವು ಖಂಡಿತ ಒಪ್ಪುವುದಿಲ್ಲ.

ಇದರ ಬಿಸಿ ಯಾರಿಗೆ ಹೇಗೆ ತಟ್ಟುತ್ತದೆ ಎಂಬುದಕ್ಕೆ 2013ರ ಒಂದು ಪ್ರಕರಣ ಸಾಕು. ಪೆನ್ಸಿಲ್ವೇನಿಯಾದ ಫಿಲಡೆಲ್ಫಿಯಾ ನಗರದ ಒಬ್ಬ ತಾಯಿ ಪಕ್ಕದ ನ್ಯೂಜೆರ್ಸಿಗೆ ಕಾರಿನಲ್ಲಿ ಹೋಗಿದ್ದಳು. ಪೊಲೀಸರು ಸಾಮಾನ್ಯ ತಪಾಸಣೆಗೆ ತಡೆದಾಗ ತನ್ನ ಬಳಿ ಪಿಸ್ತೂಲಿದೆ, ಪೆನ್ಸಿಲ್ವೇನಿಯಾದ ಪರವಾನಗಿಯೂ ಇದೆ ಎಂದು ತಾನಾಗಿಯೇ ಹೇಳಿದಳು. ನ್ಯೂಜೆರ್ಸಿಯಲ್ಲಿ ಆ ಪರವಾನಗಿ ಬರೀ ಕಾಗದ. ಆಕೆಯ ಬಂಧನವಾಯಿತು, ವರ್ಷಗಟ್ಟಲೆ ಸೆರೆವಾಸದ ಭೀತಿ ಎದುರಾಯಿತು. ಕೊನೆಗೆ 2015ರ ಏಪ್ರಿಲ್‌ನಲ್ಲಿ ಅಲ್ಲಿನ ಗವರ್ನರ್ ಕ್ರಿಸ್ ಕ್ರಿಸ್ಟಿ ಕ್ಷಮಾದಾನ ನೀಡಿದರು. ಸುಳ್ಳು ಹೇಳಿದ್ದರೆ ಪಾರಾಗುತ್ತಿದ್ದಳೇನೋ, ನಿಜ ಹೇಳಿ ಸಿಕ್ಕಿಬಿದ್ದಳು ಎಂದು ಮಸೂದೆಯ ಪರವಾದವರು ಈಗಲೂ ಈ ಕಥೆ ಹೇಳುತ್ತಾರೆ.

ಚಾಲನಾ ಪರವಾನಗಿಯನ್ನು ಎಲ್ಲ ರಾಜ್ಯಗಳೂ ಒಪ್ಪುವಾಗ ಇದನ್ನೇಕೆ ಒಪ್ಪಬಾರದು ಎಂಬುದು ಅವರ ಮುಖ್ಯ ಪ್ರಶ್ನೆ. ವಿರೋಧಿಗಳ ಉತ್ತರವೂ ಗಟ್ಟಿಯಾಗಿಯೇ ಇದೆ. ಕಾರು ಓಡಿಸುವ ಪರೀಕ್ಷೆ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ಪಿಸ್ತೂಲಿಗೆ ಒಂದು ರಾಜ್ಯ ತರಬೇತಿ, ಬೆರಳಚ್ಚು, ನಡತೆಯ ವಿಚಾರಣೆ ಎಲ್ಲ ಕೇಳಿದರೆ ಇನ್ನೊಂದು ಏನನ್ನೂ ಕೇಳುವುದಿಲ್ಲ. ಎಲ್ಲರೂ ಎಲ್ಲರದನ್ನೂ ಒಪ್ಪಬೇಕೆಂದರೆ ಅತ್ಯಂತ ಸಡಿಲ ರಾಜ್ಯದ ನಿಯಮವೇ ದೇಶದ ನಿಯಮವಾಗಿ ಬಿಡುತ್ತದೆ.

2017ರ ಡಿಸೆಂಬರ್ 6ರಂದು ಕೆಳಮನೆ ಈ ಮಸೂದೆಯನ್ನು 231–198 ಮತಗಳಿಂದ ಅಂಗೀಕರಿಸಿತು. ಸೆನೆಟ್‌ನಲ್ಲಿ ಅದು ಮುಂದೆ ಹೋಗಲಿಲ್ಲ. ಉತ್ತರ ಕ್ಯಾರೊಲಿನಾದ ರಿಚರ್ಡ್ ಹಡ್ಸನ್ 2025ರ ಜನವರಿಯಲ್ಲಿ ಅದನ್ನು ಎಚ್.ಆರ್. 38 ಎಂಬ ಸಂಖ್ಯೆಯಲ್ಲಿ ಮತ್ತೆ ತಂದರು, ಮಾರ್ಚಿನಲ್ಲಿ ನ್ಯಾಯಾಂಗ ಸಮಿತಿ ಒಪ್ಪಿತು. ಇದರ ನಡುವೆ 2022ರ ಜೂನ್ 23ರಂದು ಅಲ್ಲಿನ ಸುಪ್ರೀಂ ಕೋರ್ಟು ನ್ಯೂಯಾರ್ಕಿನ ಶತಮಾನದಷ್ಟು ಹಳೆಯ ಬಿಗಿ ನಿಯಮವನ್ನು ರದ್ದು ಮಾಡಿ, ಮನೆಯಿಂದಾಚೆಗೂ ಆಯುಧ ಒಯ್ಯುವುದು ಹಕ್ಕೆಂದು ಹೇಳಿದ್ದೂ ಆಯಿತು.

ಈ ಗದ್ದಲದಲ್ಲಿ ಹೆಚ್ಚು ಸುದ್ದಿಯಾಗದ ಒಂದು ಹಳೆಯ ಕಾನೂನು ಪಾವಗಡದವರಿಗೆ ರುಚಿಸಬಹುದು. 1986ರಲ್ಲಿ ಅಮೆರಿಕ ಮಾಡಿದ ಕಾನೂನೊಂದರ ಪ್ರಕಾರ, ಹೊರಡುವ ಊರಿನಲ್ಲೂ ಸೇರುವ ಊರಿನಲ್ಲೂ ಆಯುಧ ಕಾನೂನುಬದ್ಧವಾಗಿದ್ದರೆ ನಡುವಿನ ರಾಜ್ಯವನ್ನು ಹಾದುಹೋಗಲು ಅಡ್ಡಿಯಿಲ್ಲ. ಗುಂಡು ತೆಗೆದಿರಬೇಕು, ಆಯುಧ ಕೈಗೆಟುಕದಂತೆ ಡಿಕ್ಕಿಯಲ್ಲಿರಬೇಕು, ಡಿಕ್ಕಿಯಿಲ್ಲದ ವಾಹನವಾದರೆ ಬೀಗ ಹಾಕಿದ ಪೆಟ್ಟಿಗೆಯಲ್ಲಿ. ಯಾರ ತೀರ್ಮಾನವನ್ನೂ ಯಾರ ಮೇಲೂ ಹೇರದೆ ದಾರಿಹೋಕನ ಕಷ್ಟವನ್ನಷ್ಟೇ ನೀಗಿಸುವ ಉಪಾಯ ಇದು. ಎಲ್ಲರೂ ಎಲ್ಲರದನ್ನೂ ಒಪ್ಪಬೇಕೆಂಬ ಹೊಸ ಮಸೂದೆಗಿಂತ ಇದರಲ್ಲಿ ವಿವೇಕ ಹೆಚ್ಚು.

ಬೇರೆಯವರ ಮೊಹರು

ಹೀಗೆನ್ನಲು ನಮ್ಮ ದೇಶದ್ದೇ ಒಂದು ಕಾರಣವಿದೆ. 2017ರಲ್ಲಿ ರಾಜಸ್ಥಾನದ ಪೊಲೀಸರು ಒಂದು ಜಾಲ ಭೇದಿಸಿದರು. ಜಮ್ಮು ಮತ್ತು ಕಾಶ್ಮೀರದ ಹೆಸರಿನಲ್ಲಿ ಕೋವಿಯ ಲೈಸೆನ್ಸುಗಳು ದೇಶದ ತುಂಬ ಓಡಾಡುತ್ತಿದ್ದವು. ಪಡೆದವರಲ್ಲಿ ಎಷ್ಟೋ ಮಂದಿ ಆ ರಾಜ್ಯದವರೇ ಅಲ್ಲ. 2018ರಲ್ಲಿ ತನಿಖೆ ಕೈಗೆತ್ತಿಕೊಂಡ ಸಿ.ಬಿ.ಐ., 2012ರಿಂದ 2016ರ ನಡುವೆ ಸುಮಾರು 2.78 ಲಕ್ಷ ಲೈಸೆನ್ಸುಗಳನ್ನು ಅರ್ಹರಲ್ಲದವರಿಗೆ ಕೊಡಲಾಗಿದೆ ಎಂದು ಆರೋಪಿಸಿತು. ಅಧಿಕಾರಿಗಳ ಮನೆಗಳಲ್ಲೂ ಬಂದೂಕು ವ್ಯಾಪಾರಿಗಳ ಅಂಗಡಿಗಳಲ್ಲೂ ಶೋಧ ನಡೆಯಿತು. ದೂರದ ಜಿಲ್ಲೆಯೊಂದರ ಮೊಹರನ್ನು ಕಣ್ಣುಮುಚ್ಚಿ ನಂಬಿದರೆ ಅಲ್ಲಿನ ಒಬ್ಬ ಗುಮಾಸ್ತನ ಲಂಚ ಇಲ್ಲಿನ ಬೀದಿಯಲ್ಲಿ ಕೋವಿಯಾಗಿ ನಿಲ್ಲುತ್ತದೆ.

ತುಮಕೂರಿನಂಥ ಊರಿನಲ್ಲಿ ಇದು ಊಹೆಯ ಮಾತಲ್ಲ. ಹೆದ್ದಾರಿ 48ರ ಮೇಲೆ ಕೈಗಾರಿಕೆ ಬೆಳೆದ ಹಾಗೆ ಹಣ ಸಾಗಿಸುವ ವ್ಯಾನು, ಗೋದಾಮು, ಬ್ಯಾಂಕು ಎಲ್ಲಕ್ಕೂ ಕೋವಿ ಹಿಡಿದ ಕಾವಲುಗಾರ ಬೇಕಾದ. ಕಾವಲು ಸಂಸ್ಥೆಗಳು ಹೊರರಾಜ್ಯಗಳಿಂದ ಆಳು ತರುವುದು ದೇಶದೆಲ್ಲೆಡೆ ಇರುವ ರೂಢಿ. ಅನೇಕ ವೇಳೆ ಆಳಿನ ಜೊತೆ ಅವನ ಸ್ವಂತ ಕೋವಿಯೂ ಅವನ ಊರಿನ ಲೈಸೆನ್ಸೂ ಬರುತ್ತವೆ. ಇದನ್ನು ತಡೆಯಲೆಂದೇ 2012ರಲ್ಲಿ ನಿಯಮಗಳಿಗೆ ತಿದ್ದುಪಡಿ ತಂದು, ಪ್ರತಿ ಲೈಸೆನ್ಸಿಗೂ ಒಂದು ವಿಶಿಷ್ಟ ಸಂಖ್ಯೆ ಕೊಟ್ಟು ರಾಷ್ಟ್ರೀಯ ದತ್ತಾಂಶಕ್ಕೆ ಏರಿಸುವ ಕೆಲಸ ಶುರುವಾಯಿತು. ಗಡುವು ಹಲವು ಸಲ ಮುಂದೆ ಹೋಯಿತು. ಆದರೂ ಕಾಗದದ ಬದಲು ಕಂಪ್ಯೂಟರಿನಲ್ಲಿ ನೋಡಿ ಇದು ಅಸಲಿ, ಇದು ನಕಲಿ ಎಂದು ಠಾಣೆಯವರು ಹೇಳಲು ಸಾಧ್ಯವಾದರೆ, ಪಾವಗಡದ ರೈತನಂಥವನಿಗೆ ದಾರಿ ಬಿಡುವುದಕ್ಕೆ ಇರುವ ಹಿಂಜರಿಕೆಯೂ ಕಡಿಮೆಯಾಗಬೇಕು.

ಮಕ್ಕಳು ಮತ್ತು ಕೋವಿ

ವಿದ್ಯಾರ್ಥಿಗಳಿಗೆ ಇದರಲ್ಲಿ ಏನಿದೆ? ಕಾಯ್ದೆಯ 9ನೆಯ ಕಲಮಿನ ಪ್ರಕಾರ 21 ವರ್ಷ ತುಂಬದವರು ಕೋವಿ ಹೊಂದುವಂತಿಲ್ಲ. ಗುರಿಯ ಕ್ರೀಡೆ ಕಲಿಯುವವರಿಗೆ ನಿಯಮಬದ್ಧ ತರಬೇತಿಗಾಗಿ ಸಡಿಲಿಕೆ ಇದೆ. ಕಾಲೇಜಿನ ಎನ್.ಸಿ.ಸಿ. ಕೆಡೆಟ್ ಶಿಬಿರದಲ್ಲಿ ರೈಫಲ್ ಹಿಡಿದಾಗ ಅವನಿಗೆ ಲೈಸೆನ್ಸ್ ಬೇಡ. ಕರ್ತವ್ಯದ ಭಾಗವಾಗಿ ಹಿಡಿದದ್ದರಿಂದ 45ನೆಯ ಕಲಮು ಅವನನ್ನು ಕಾಯ್ದೆಯ ಹೊರಗಿಡುತ್ತದೆ. ಶಿಬಿರ ಮುಗಿದು ಮನೆಗೆ ಬಂದ ಮೇಲೆ ಅಪ್ಪನ ಕೋವಿ ಮುಟ್ಟಲು ಆ ಸಮವಸ್ತ್ರ ಅಧಿಕಾರ ಕೊಡುವುದಿಲ್ಲ.

ಪೋಷಕರ ಪಾಲಿನ ಮಾತು ಇನ್ನೂ ಭಾರವಾದದ್ದು. 2025ರ ಫೆಬ್ರುವರಿಯಲ್ಲಿ ಕುಣಿಗಲ್ ಪಕ್ಕದ ನಾಗಮಂಗಲ ತಾಲ್ಲೂಕಿನ ಕೋಳಿ ಫಾರಂ ಒಂದರಲ್ಲಿ ಕೈಗೆ ಸಿಗುವಂತಿದ್ದ ಬಂದೂಕನ್ನು ಬಾಲಕನೊಬ್ಬ ಎತ್ತಿಕೊಂಡ. ಅದು ಹಾರಿತು, ನಾಲ್ಕು ವರ್ಷದ ಕೂಸೊಂದು ತೀರಿಕೊಂಡಿತು. ಕೋವಿಯನ್ನು ಬೀಗ ಹಾಕಿದ ಜಾಗದಲ್ಲಿ ಇಡಬೇಕೆಂಬ 2016ರ ನಿಯಮವನ್ನು ಸರ್ಕಾರದ ಇನ್ನೊಂದು ಕಿರಿಕಿರಿ ಎಂದು ಅಟ್ಟದ ಮೇಲಿಟ್ಟ ಮನೆಗಳು ಜಿಲ್ಲೆಯಲ್ಲಿ ಇದ್ದರೆ, ಅವು ಈ ವಾರವೇ ಒಂದು ಕಬ್ಬಿಣದ ಪೆಟ್ಟಿಗೆ ತರಬೇಕು. ತೋಟೆಗಳು ಬೇರೆ ಪೆಟ್ಟಿಗೆಯಲ್ಲಿರಲಿ.

ಇನ್ನು ಅಮೆರಿಕಕ್ಕೆ ಹೊರಟವರು. ವಿದ್ಯಾರ್ಥಿ ವೀಸಾದಲ್ಲಿ ಹೋದವರು ಅಲ್ಲಿ ಬಂದೂಕು ಹೊಂದುವುದನ್ನು ಆ ದೇಶದ ಕೇಂದ್ರ ಕಾನೂನು ನಿಷೇಧಿಸಿದೆ; ಬೇಟೆಯ ಪರವಾನಗಿಯಂಥ ಕೆಲವೇ ಹೊರತುಗಳಿವೆ. ಸ್ನೇಹಿತರ ಪಿಸ್ತೂಲು ಹಿಡಿದು ಫೋಟೋ ತೆಗೆಸಿಕೊಂಡು ಊರಿಗೆ ಕಳಿಸುವ ಹುಡುಗಾಟವೂ ವೀಸಾಕ್ಕೆ ಕುತ್ತು ತರಬಹುದು. ತನ್ನ ಬಳಿ ಇಲ್ಲದಿದ್ದರೂ ಪಕ್ಕದವನ ಬಳಿ ಇರಬಹುದು, ಅದೂ ಕಾನೂನುಬದ್ಧವಾಗಿ. ಟೆಕ್ಸಾಸ್ ರಾಜ್ಯದ ಸಾರ್ವಜನಿಕ ವಿಶ್ವವಿದ್ಯಾಲಯಗಳಲ್ಲಿ 2016ರ ಆಗಸ್ಟ್ 1ರಿಂದ ಪರವಾನಗಿ ಇದ್ದವರು ಪಿಸ್ತೂಲನ್ನು ಮರೆಸಿಟ್ಟುಕೊಂಡು ತರಗತಿಗೂ ಬರಬಹುದು. ಅದೇ ರಾಜ್ಯದ ಆಸ್ಟಿನ್ ವಿಶ್ವವಿದ್ಯಾಲಯದ ಗೋಪುರದಿಂದ ಒಬ್ಬ ಜನರ ಮೇಲೆ ಗುಂಡು ಹಾರಿಸಿದ ದುರಂತಕ್ಕೆ ಸರಿಯಾಗಿ 50 ವರ್ಷ ತುಂಬಿದ ದಿನ ಆ ಕಾನೂನು ಜಾರಿಗೆ ಬಂದದ್ದು ಕಾಕತಾಳೀಯ. ಕ್ಯಾಲಿಫೋರ್ನಿಯಾದ ಕಾಲೇಜುಗಳಲ್ಲಿ ಅದಕ್ಕೆ ಅವಕಾಶವಿಲ್ಲ. ಎಚ್.ಆರ್. 38 ಕಾನೂನಾದರೂ ಸರ್ಕಾರಿ ಕಟ್ಟಡ, ಉದ್ಯಾನಗಳಲ್ಲಿ ಆಯುಧ ತಡೆಯುವ ಅಧಿಕಾರ ರಾಜ್ಯಗಳಿಗೆ ಉಳಿಯುತ್ತದೆಂದು ಮಸೂದೆಯಲ್ಲೇ ಇದೆ. ಕಾಲೇಜಿನ ಗೇಟಿನ ಹೊರಗಿನ ಬೀದಿಗೆ ಆ ಮಾತು ಅನ್ವಯಿಸದು.

ಫೀಸು ಎಷ್ಟು, ಹಾಸ್ಟೆಲ್ ಹೇಗಿದೆ, ಅನ್ನ ಸಾರು ಸಿಗುತ್ತದೆಯೇ ಎಂದು ಕೇಳುವ ತುಮಕೂರಿನ ಅಪ್ಪ ಅಮ್ಮಂದಿರು ಆ ಪಟ್ಟಿಗೆ, ಮಗಳು ಹೋಗುವುದು ಯಾವ ರಾಜ್ಯಕ್ಕೆ, ಅಲ್ಲಿನ ಕ್ಯಾಂಪಸ್ಸಿನ ನಿಯಮ ಏನು ಎಂಬ ಇನ್ನೆರಡು ಪ್ರಶ್ನೆ ಸೇರಿಸಿಕೊಳ್ಳಬಹುದು. ವಿಶ್ವವಿದ್ಯಾಲಯಗಳು ಈ ನಿಯಮಗಳನ್ನು ಬಹಿರಂಗವಾಗಿಯೇ ಪ್ರಕಟಿಸುತ್ತವೆ. ಸೀಟು ಒಪ್ಪಿಕೊಂಡು ಹಣ ಕಟ್ಟುವ ಮೊದಲೇ ಅದನ್ನು ಓದಬೇಕು.